ಭಾಗ್ಯನಗರದಲ್ಲಿ ರೊಟ್ಟಿ ಊಟದ ಖಾನಾವಳಿ: ಲೈಸೆನ್ಸ್‌ಗೆ ಮೊದಲು ಯಾವ ಆಫೀಸಿಗೆ ಹೋಗಬೇಕು?

ರೊಟ್ಟಿ_ಬುಟ್ಟಿ, ಕೊಪ್ಪಳ
19 ಆಗಸ್ಟ್ 2024

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಕೊಪ್ಪಳದ ಪಕ್ಕದ ಭಾಗ್ಯನಗರ. ನಾನು, ನಮ್ಮ ಅತ್ತೆ ಸೇರಿ ನಾಲ್ಕು ವರ್ಷದಿಂದ ಮನೆಯಲ್ಲೇ ಖಡಕ್ ರೊಟ್ಟಿ ಬಡಿದು ಮಾರುತ್ತಿದ್ದೇವೆ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿ. ಬೆಂಗಳೂರಿನಲ್ಲಿ ಓದುವ ಮಕ್ಕಳಿಗೆ ಕಳಿಸೋರು, ಸೀಮಂತದ ಮನೆಯವರು, ಹೀಗೆ ಬಾಯಿಂದ ಬಾಯಿಗೆ ಗಿರಾಕಿ ಹೆಚ್ಚಾದರು. ಇಷ್ಟು ದಿನ ಯಾರೂ ಏನೂ ಕೇಳಲಿಲ್ಲ, ನಾವೂ ಏನೂ ಮಾಡಿಸಲಿಲ್ಲ.

ಈಗ ರೋಡಿಗೇ ಒಂದು ಮಳಿಗೆ ಸಿಕ್ಕಿದೆ. ಮುಂದೆ ನಾಲ್ಕು ಟೇಬಲ್ ಹಾಕಿ ಮಧ್ಯಾಹ್ನ ಮಾತ್ರ ರೊಟ್ಟಿ ಊಟ ಕೊಡೋದು, ಹಿಂದಿನ ರೂಮಿನಲ್ಲಿ ರೊಟ್ಟಿ ಬಡಿಯೋದು, ಪ್ಯಾಕ್ ಮಾಡೋದು. ದಸರಾಕ್ಕೆ ಶುರು ಮಾಡಲೇಬೇಕು ಅಂತ ಅತ್ತೆಯ ಹಠ. ಅವರು ಪಂಚಾಂಗ ಕೂಡ ನೋಡಿಸಿ ಬಂದಿದ್ದಾರೆ.

ತೊಂದರೆ ಏನೆಂದರೆ ಹತ್ತು ಜನ ಹತ್ತು ಮಾತು ಹೇಳುತ್ತಾರೆ. ನಮ್ಮ ಮನೆಯವರು ಕೊಪ್ಪಳ ನಗರಸಭೆಗೆ ಹೋದರೆ ನಿಮ್ಮದು ಭಾಗ್ಯನಗರ, ಪಟ್ಟಣ ಪಂಚಾಯಿತಿಗೆ ಹೋಗಿ ಅಂದರಂತೆ. ಪರಿಚಯದ ಬೇಕರಿಯವರು ‘ಪಂಚಾಯಿತಿ ಗಿಂಚಾಯಿತಿ ಏನೂ ಬೇಡ, ಫುಡ್ ಲೈಸೆನ್ಸ್ ಒಂದಿದ್ದರೆ ಸಾಕು’ ಅನ್ನುತ್ತಾರೆ. ಒಬ್ಬ ಏಜೆಂಟ್ ‘ಎಲ್ಲಾ ಸೇರಿ ಆರು ಸಾವಿರ ಕೊಡಿ ಅಕ್ಕಾ, ಮನೆಗೇ ತಂದು ಕೊಡುತ್ತೇನೆ’ ಅಂದ. ಎಲ್ಲಾ ಅಂದರೆ ಏನೇನಪ್ಪಾ ಅಂತ ಕೇಳಿದೆ. ‘ಎಲ್ಲಾ ಅಂದರೆ ಎಲ್ಲಾ’ ಅಂದ! ರಾತ್ರಿ ನಿದ್ದೆ ಬರದೆ ಗೂಗಲ್‌ನಲ್ಲಿ ಹುಡುಕಿದರೆ, ವ್ಯಾಪಾರ ಶುರು ಮಾಡುವ 28 ದಿನ ಮುಂಚೆ ಲೋಕಲ್ ಕೌನ್ಸಿಲ್‌ನಲ್ಲಿ ರಿಜಿಸ್ಟರ್ ಮಾಡಿಸಬೇಕು ಅಂತ ಬಂತು. ಕೌನ್ಸಿಲ್ ಅಂದರೆ ಪಟ್ಟಣ ಪಂಚಾಯಿತಿನೇ ಅಲ್ವಾ?

ಮಳಿಗೆ ಮಾಲೀಕರು 40 ಸಾವಿರ ಅಡ್ವಾನ್ಸ್ ಕೇಳುತ್ತಿದ್ದಾರೆ. ಶುಕ್ರವಾರ ಕೊಡುತ್ತೇವೆ ಅಂತ ಹೇಳಿದ್ದೇವೆ. ಯಾವ ಆಫೀಸು ಮೊದಲು, ಯಾವುದು ಆಮೇಲೆ, ನಿಜವಾಗಿ ಎಷ್ಟು ಖರ್ಚು? ಮಾಡಿಸಿ ಅನುಭವ ಇರುವವರು ದಯವಿಟ್ಟು ಹೇಳಿ.


ಟಿಫಿನ್_ಗಂಗಾವತಿ
19 ಆಗಸ್ಟ್ 2024

ಅಕ್ಕಾರೆ, ಮೊದಲು ಆ 28 ದಿನದ ಚಿಂತೆ ಬಿಡಿ. ಅದು ಇಂಗ್ಲೆಂಡಿನ ನಿಯಮ. ಅಲ್ಲಿ ಕೌನ್ಸಿಲ್ ಅಂದರೆ ನಮ್ಮ ನಗರಸಭೆ ಇದ್ದ ಹಾಗೆ. ಊಟದ ವ್ಯಾಪಾರ ಮಾಡೋರು 28 ದಿನ ಮುಂಚೆ ಅಲ್ಲಿ ಹೆಸರು ಬರೆಸಬೇಕು, ಅದಕ್ಕೆ ದುಡ್ಡಿಲ್ಲ, ಆಗಲ್ಲ ಅಂತ ಅವರು ಹೇಳುವಂತೆಯೂ ಇಲ್ಲ. ಗೂಗಲ್‌ಗೆ ಭಾಗ್ಯನಗರ ಯಾವುದು, ಬರ್ಮಿಂಗ್‌ಹ್ಯಾಮ್ ಯಾವುದು ಅಂತ ಏನು ಗೊತ್ತು?

ನಮ್ಮಲ್ಲಿ ಇದು ಎರಡು ಬೇರೆ ಬೇರೆ ಕಾಗದ, ಎರಡು ಬೇರೆ ಇಲಾಖೆ. ಒಂದು ಇದ್ದರೆ ಇನ್ನೊಂದು ಬೇಡ ಅನ್ನೋದು ತಪ್ಪು. ನಿಮ್ಮ ಬೇಕರಿಯವರು ಹೇಳಿದ್ದು ಅರ್ಧ ಮಾತ್ರ ನಿಜ.

ಒಂದು, ಆಹಾರದ್ದು. ಇದು ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳೋ ಕೇಂದ್ರದ ಪ್ರಾಧಿಕಾರದ್ದು. 2006ರ ಆಹಾರ ಸುರಕ್ಷತೆ ಕಾಯ್ದೆಯ ಕೆಳಗೆ ಬರುತ್ತದೆ. ಇದನ್ನು ಕೊಡೋದು ಪಂಚಾಯಿತಿಯೂ ಅಲ್ಲ, ನಗರಸಭೆಯೂ ಅಲ್ಲ. ಆರೋಗ್ಯ ಇಲಾಖೆ ಕಡೆಯ ಆಹಾರ ಸುರಕ್ಷತಾ ಅಧಿಕಾರಿ, ಅದೇ ನಾವು ಫುಡ್ ಇನ್‌ಸ್ಪೆಕ್ಟರ್ ಅನ್ನುತ್ತೇವಲ್ಲ, ಅವರು. ಅರ್ಜಿ ಹಾಕೋದು ಫಾಸ್ಕಾಸ್ ಅನ್ನೋ ವೆಬ್‌ಸೈಟಿನಲ್ಲಿ, ಮನೆಯಲ್ಲೇ ಕೂತು ಹಾಕಬಹುದು. ಈಗಿನ, ಅಂದರೆ 2024ರ ನಿಯಮದಲ್ಲಿ ವರ್ಷದ ವ್ಯಾಪಾರ 12 ಲಕ್ಷದ ಒಳಗಿದ್ದರೆ ಬರೀ ರಿಜಿಸ್ಟ್ರೇಷನ್ ಸಾಕು, ವರ್ಷಕ್ಕೆ 100 ರೂಪಾಯಿ. ಒಂದರಿಂದ ಐದು ವರ್ಷದವರೆಗೆ ಒಟ್ಟಿಗೆ ಕಟ್ಟಬಹುದು. ಐದು ವರ್ಷಕ್ಕೆ ಕಟ್ಟಿದರೂ 500. ಈಗ ಆ ಆರು ಸಾವಿರದ ಲೆಕ್ಕ ನೀವೇ ಹಾಕಿ.

ಆದರೆ ಒಂದು ಕಡೆ ಎಚ್ಚರ. 12 ಲಕ್ಷ ಅಂದರೆ ಲಾಭ ಅಲ್ಲ, ಗಲ್ಲಾಕ್ಕೆ ಬಿದ್ದ ಅಷ್ಟೂ ದುಡ್ಡು. ಕೇಳೋಕೆ ದೊಡ್ಡದು, ದಿನದ ಲೆಕ್ಕ ಹಾಕಿದರೆ ಮೂರು ಸಾವಿರದ ಮುನ್ನೂರು ಕೂಡ ಇಲ್ಲ. ನೀವು 80 ರೂಪಾಯಿಗೆ ದಿನಾ 40 ಊಟ ಮಾರಿದರೆ 3,200 ಆಯಿತು. ವಾರಕ್ಕೊಂದು ರಜೆ, ಹಬ್ಬ ಹರಿದಿನ ಕಳೆದು 300 ದಿನ ಹಿಡಿದರೆ ಒಂಬತ್ತೂವರೆ ಲಕ್ಷ ದಾಟುತ್ತದೆ. ಅದರ ಮೇಲೆ ರೊಟ್ಟಿ ಪಾರ್ಸೆಲ್, ಚಟ್ನಿಪುಡಿ ಸೇರಿಸಿ. ಗಡಿಗೆ ಬಂದುಬಿಟ್ಟಿರಿ ನೋಡಿ. 12 ಲಕ್ಷ ದಾಟಿದರೆ ಅದು ರಿಜಿಸ್ಟ್ರೇಷನ್ ಅಲ್ಲ, ರಾಜ್ಯದ ಲೈಸೆನ್ಸ್. ಹೋಟೆಲ್ಲು ಖಾನಾವಳಿಗೆ ವರ್ಷಕ್ಕೆ 2,000, ಕಾಗದಪತ್ರವೂ ಜಾಸ್ತಿ. ಈಗ ರಿಜಿಸ್ಟ್ರೇಷನ್‌ನಿಂದ ಶುರು ಮಾಡಿ, ಆದರೆ ಮೊದಲ ದಿನದಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ದಿನದ ಗಲ್ಲಾ ಬರೆದಿಡಿ.

ರಿಜಿಸ್ಟ್ರೇಷನ್‌ನ ಅರ್ಜಿ, ಅಂದರೆ ಫಾರಂ ‘ಎ’, ಏನೂ ಬ್ರಹ್ಮವಿದ್ಯೆ ಅಲ್ಲ. ಹೆಸರು, ವಿಳಾಸ, ಯಾವ ಬಗೆಯ ವ್ಯಾಪಾರ, ವರ್ಷಕ್ಕೆ ಎಷ್ಟು ವ್ಯಾಪಾರ ಆಗಬಹುದು, ಹೊಸದಾದರೆ ಯಾವತ್ತು ಶುರು ಮಾಡುತ್ತೀರಿ, ನೀರು ಎಲ್ಲಿಂದ, ಸಾರ್ವಜನಿಕ ಸರಬರಾಜೋ ಸ್ವಂತದ್ದೋ, ಕರೆಂಟಿನ ಮಷೀನ್ ಬಳಸುತ್ತೀರೋ ಇಲ್ಲವೋ. ಇಷ್ಟೇ. ಫೋಟೊ, ಗುರುತಿನ ಚೀಟಿ, ಜಾಗದ ಒಂದು ದಾಖಲೆ ಇಟ್ಟುಕೊಳ್ಳಿ. ಅರ್ಜಿ ಹೋದ 7 ದಿನದಲ್ಲಿ ಕೊಡಬೇಕು, ಇಲ್ಲವಾದರೆ ಕಾರಣ ಬರೆದು ತಿರಸ್ಕರಿಸಬೇಕು, ಇಲ್ಲವಾದರೆ ಜಾಗ ನೋಡುತ್ತೇವೆ ಅಂತ ನೋಟಿಸ್ ಕೊಡಬೇಕು. ನೋಡೋದಾದರೆ 30 ದಿನದಲ್ಲಿ ಮುಗಿಯಬೇಕು. 2011ರ ನಿಯಮದಲ್ಲೇ ಹಾಗೆ ಇದೆ.

ಎರಡನೆಯದು ಉದ್ದಿಮೆ ಪರವಾನಗಿ. ಜನ ಟ್ರೇಡ್ ಲೈಸೆನ್ಸ್ ಅನ್ನುತ್ತಾರೆ. ಇದು 1964ರ ಪುರಸಭೆಗಳ ಕಾಯ್ದೆಯ ಪ್ರಕಾರ, ಜಾಗ ಯಾರ ವ್ಯಾಪ್ತಿಯೋ ಅವರು ಕೊಡೋದು. ನಿಮ್ಮ ಮನೆಯವರಿಗೆ ಹೇಳಿದ್ದು ಸರಿಯೇ. ಮಳಿಗೆ ಭಾಗ್ಯನಗರದಲ್ಲಿದ್ದರೆ ಪಟ್ಟಣ ಪಂಚಾಯಿತಿ. ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನೋದು ಮುಖ್ಯ ಅಲ್ಲ, ಅಂಗಡಿ ಎಲ್ಲಿದೆ ಅನ್ನೋದು ಮುಖ್ಯ. ಫೀಸು ಊರು, ವ್ಯಾಪಾರ, ಅಳತೆ ನೋಡಿ ಬೇರೆ ಬೇರೆ, ಅದನ್ನು ಅಲ್ಲೇ ಕೇಳಿ. ಮಾರ್ಚ್‌ಗೆ ವರ್ಷ ಮುಗಿಯುತ್ತದೆ, ಏಪ್ರಿಲ್‌ಗೆ ನವೀಕರಣ.

ಮಾಲೀಕರಿಗೆ ಶುಕ್ರವಾರ ದುಡ್ಡು ಕೊಡಬೇಡಿ. ಮೊದಲು ಆ ಕಟ್ಟಡದ ಈ ವರ್ಷದ ಕರದ ರಸೀದಿ, ಉತಾರ (ಜಾಗ ಯಾರ ಹೆಸರಿನಲ್ಲಿದೆ ಅನ್ನೋ ದಾಖಲೆ) ಎರಡೂ ಕೇಳಿ ನೋಡಿ. ಉದ್ದಿಮೆ ಪರವಾನಗಿಗೆ ಬಾಡಿಗೆ ಕರಾರಿನ ಜೊತೆ ಅವನ್ನೂ ಕೇಳುತ್ತಾರೆ. ಅವರ ಕರ ಬಾಕಿ ಇದ್ದರೆ ನಿಮ್ಮ ಅರ್ಜಿ ಅಲ್ಲೇ ಕೂತುಬಿಡುತ್ತದೆ. ನಾನು 2019ರಲ್ಲಿ ಹಾಗೇ ಸಿಕ್ಕಿಬಿದ್ದಿದ್ದೆ. ಅಡ್ವಾನ್ಸ್ ಕೊಟ್ಟು, ಬಣ್ಣ ಹೊಡೆಸಿ, ಒಲೆ ಕಟ್ಟಿಸಿ, ಆಮೇಲೆ ನೋಡಿದರೆ ಮಾಲೀಕರದ್ದು ಆರು ವರ್ಷದ ಕರ ಬಾಕಿ. ‘ನೀವೇ ಕಟ್ಟಿಬಿಡಿ, ಬಾಡಿಗೆಯಲ್ಲಿ ಹಿಡಿದುಕೊಳ್ಳಿ’ ಅಂದರು. ಹಿಡಿದುಕೊಂಡೆ, ಆದರೆ ಎರಡು ತಿಂಗಳು ಒಲೆ ಹೊತ್ತಿಸದೆ ಬಾಡಿಗೆ ಕಟ್ಟಿದ ದುಡ್ಡು ಯಾರು ಕೊಡುತ್ತಾರೆ?


ಬಂಡಿ_ಮಿರ್ಚಿ_ಬಳ್ಳಾರಿ
20 ಆಗಸ್ಟ್ 2024

ಗಂಗಾವತಿ ಅಣ್ಣಾರು ಸರಿಯಾಗಿ ಹೇಳಿದ್ದಾರೆ. ನಾನು ಒಗ್ಗರಣೆ ಮಂಡಕ್ಕಿ, ಮಿರ್ಚಿ ಮಾರೋನು, ತಳ್ಳುಬಂಡಿ. ಬಳ್ಳಾರಿಯಲ್ಲಿ ನಮಗೆ ಮಹಾನಗರ ಪಾಲಿಕೆ. ಬಂಡಿಯವರಿಗೆ ದಾರಿ ಬೇರೆ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಾಲಿಕೆ ಗುರುತಿನ ಚೀಟಿ ಕೊಡುತ್ತದೆ. ಅದೇ ಚೀಟಿ ಮೇಲೆ ನನಗೆ ಬೀದಿ ವ್ಯಾಪಾರಿಗಳಿಗೆ ಅಂತ ಇರೋ ಕೇಂದ್ರದ ಸ್ವನಿಧಿ ಸಾಲ ಮೊದಲು 10 ಸಾವಿರ, ತೀರಿಸಿದ ಮೇಲೆ 20 ಸಾವಿರ ಸಿಕ್ಕಿತು. ಆದರೆ ಬಂಡಿ ಅಂತ ಫುಡ್ ರಿಜಿಸ್ಟ್ರೇಷನ್ ತಪ್ಪೋದಿಲ್ಲ, ಅದು ನಮಗೂ ಬೇಕು.

ಏಜೆಂಟ್ ವಿಷಯಕ್ಕೆ ಬರುತ್ತೇನೆ, ಯಾಕಂದರೆ ಅದರಲ್ಲಿ ಕೈ ಸುಟ್ಟುಕೊಂಡವನು ನಾನು. ಒಬ್ಬನಿಗೆ 2,500 ಕೊಟ್ಟೆ, ಐದು ವರ್ಷಕ್ಕೆ ಮಾಡಿಸುತ್ತೇನೆ ಅಂದ. ಹದಿನೈದು ದಿನಕ್ಕೆ ಲ್ಯಾಮಿನೇಷನ್ ಮಾಡಿಸಿ ಚೆಂದಾಗಿ ತಂದುಕೊಟ್ಟ. ಬಂಡಿಗೆ ತೂಗು ಹಾಕಿದೆ. ಇಂಗ್ಲಿಷ್‌ನಲ್ಲಿತ್ತು, ನಾನು ನೋಡಿದ್ದು ನನ್ನ ಫೋಟೊ ಒಂದೇ. ಎರಡನೇ ವರ್ಷ ಇನ್‌ಸ್ಪೆಕ್ಟರ್ ಬಂದರು. ಬಂಡಿ ಹತ್ತಿರ ನಿಂತು, ಎಣ್ಣೆ ಕೈಯಲ್ಲಿ ಮುಟ್ಟಬೇಡ ಅಂತ ಹೇಳಿ, ಅವರೇ ಒರೆಸಿ ಓದಿದರು. ‘ಇದು ಮುಗಿದು ಐದು ತಿಂಗಳಾಯಿತಲ್ಲೋ’ ಅಂದರು. ಒಂದೇ ವರ್ಷಕ್ಕೆ 100 ರೂಪಾಯಿ ಕಟ್ಟಿದ್ದಾನೆ ಪುಣ್ಯಾತ್ಮ! ಮುಗಿಯುತ್ತಿದೆ ಅಂತ ಮೆಸೇಜ್ ಬರಲಿಲ್ಲವಾ ಅಂತ ಕೇಳಿದರು. ಹೇಗೆ ಬರುತ್ತದೆ, ಅರ್ಜಿಯಲ್ಲಿ ಹಾಕಿದ್ದು ಅವನ ಮೊಬೈಲ್ ನಂಬರು. ಓಟಿಪಿ ಅವನಿಗೆ, ಪಾಸ್‌ವರ್ಡ್ ಅವನಿಗೆ. ಅವನು ಫೋನ್ ಎತ್ತಲಿಲ್ಲ. ಹಳೇದನ್ನು ಬಿಟ್ಟು ಹೊಸದಾಗಿಯೇ ಮಾಡಿಸಿದೆ, ಈ ಸಲ ನನ್ನ ಮಗಳು ಪಿಯುಸಿ ಓದುತ್ತಾಳೆ, ಅವಳೇ ಕೂತು ಹಾಕಿದಳು. ಅವಳಿಗೆ ಕೊಟ್ಟ ಲಂಚ ಒಂದು ಪ್ಲೇಟ್ ಮಿರ್ಚಿ.

ಆದ್ದರಿಂದ ಅಕ್ಕಾ, ಯಾರಿಂದಾದರೂ ಮಾಡಿಸಿ, ಮೊಬೈಲ್ ನಂಬರು ಮಾತ್ರ ನಿಮ್ಮದೇ ಇರಲಿ. ಕೈಗೆ ಬಂದ ಕೂಡಲೇ ತಾರೀಖು ನೋಡಿ. ನಂಬರು 14 ಅಂಕಿ ಇರುತ್ತದೆ, ರಿಜಿಸ್ಟ್ರೇಷನ್ ಆದರೆ 2ರಿಂದ ಶುರು, ಲೈಸೆನ್ಸ್ ಆದರೆ 1ರಿಂದ.

ಇನ್ನೊಂದು, ಇದು ಕಾಗದದ ಮಾತಲ್ಲ, ಆದರೂ ಹೇಳುತ್ತೇನೆ. ಇನ್‌ಸ್ಪೆಕ್ಟರ್ ಬಂದಾಗ ಅವರು ಮೊದಲು ನೋಡಿದ್ದು ಲೈಸೆನ್ಸ್ ಅಲ್ಲ, ಪೇಪರ್. ನಮ್ಮ ಕಡೆ ಮಂಡಕ್ಕಿ ಮಿರ್ಚಿ ಅಂದರೆ ಹಳೇ ನ್ಯೂಸ್‌ಪೇಪರ್‌ನಲ್ಲೇ ಅಲ್ವಾ ಕೊಡೋದು? ಬಿಸಿ ಮಿರ್ಚಿ ಇಟ್ಟರೆ ಅಕ್ಷರ ಬಜ್ಜಿ ಮೇಲೆ ಉಲ್ಟಾ ಮೂಡುತ್ತದೆ, ಅದು ಇಂಕು. 2018ರ ಪ್ಯಾಕಿಂಗ್ ನಿಯಮದಲ್ಲಿ ನ್ಯೂಸ್‌ಪೇಪರ್‌ನಲ್ಲಿ ತಿನ್ನೋದು ಕಟ್ಟೋ ಹಾಗಿಲ್ಲ. ನೀವೂ ರೊಟ್ಟಿ ಪೇಪರ್‌ನಲ್ಲಿ ಸುತ್ತಿ ಕೊಡುತ್ತಿದ್ದರೆ ಇವತ್ತೇ ಬಿಡಿ. ಬಣ್ಣವೂ ಅಷ್ಟೆ. ಈ ವರ್ಷ ಮಾರ್ಚ್‌ನಲ್ಲಿ ಗೋಬಿಗೆ, ಜೂನ್‌ನಲ್ಲಿ ಕಬಾಬ್‌ಗೆ ಕೃತಕ ಬಣ್ಣ ಬಂದ್ ಮಾಡಿದರಲ್ಲ, ಆವಾಗಿಂದ ತಪಾಸಣೆ ಜೋರಾಗಿದೆ. ನಿಮ್ಮ ರೊಟ್ಟಿಗೆ ಬಣ್ಣದ ಚಿಂತೆ ಇಲ್ಲ ಬಿಡಿ, ಸಂಜೆ ಮಿರ್ಚಿ ಕರಿಯುತ್ತೇನೆ ಅಂದರೆ ಎಣ್ಣೆ ಮತ್ತೆ ಮತ್ತೆ ಕಾಯಿಸಬೇಡಿ. ಕಾದು ಕಾದು ಎಣ್ಣೆಯಲ್ಲಿ ಹುಟ್ಟೋ ಕೆಟ್ಟ ಅಂಶ ಅಳೆಯೋ ಮೀಟರ್ ಇದೆ ಅವರ ಹತ್ತಿರ, ಅದು 25 ಪರ್ಸೆಂಟ್ ದಾಟಿದರೆ ಆ ಎಣ್ಣೆ ಬಳಸೋ ಹಾಗಿಲ್ಲ.


ಸುಮ್ನಿರಿ_ಸಾಕು
20 ಆಗಸ್ಟ್ 2024

ಇಷ್ಟೆಲ್ಲ ಯಾಕೆ ರೀ? ನಮ್ಮೂರಲ್ಲಿ ಮೂವತ್ತು ವರ್ಷದಿಂದ ನಡೆಯೋ ಖಾನಾವಳಿ ಇದೆ, ಗೋಡೆ ಮೇಲೆ ದೇವರ ಫೋಟೊ ಬಿಟ್ಟು ಇನ್ನೊಂದು ಕಾಗದ ಇಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ಚಕ್ಕಡಿ, ಟ್ರ್ಯಾಕ್ಟರ್ ತುಂಬಾ ರೊಟ್ಟಿ ಬರುತ್ತವೆ, ಯಾರಾದರೂ ಲೈಸೆನ್ಸ್ ಕೇಳಿದರಾ? ಮೊದಲು ವ್ಯಾಪಾರ ಮಾಡಿ, ಯಾರಾದರೂ ಬಂದರೆ ಆಮೇಲೆ ನೋಡಿಕೊಂಡರೆ ಆಯಿತು.


ಟಿಫಿನ್_ಗಂಗಾವತಿ
20 ಆಗಸ್ಟ್ 2024

ಅಣ್ಣಾ, ಜಾತ್ರೆಯ ದಾಸೋಹಕ್ಕೂ ಗಲ್ಲಾ ಪೆಟ್ಟಿಗೆಗೂ ಒಂದೇ ಲೆಕ್ಕ ಹಾಕಬೇಡಿ. ಅಲ್ಲಿ ಭಕ್ತರು ಕೊಡೋದು, ಇಲ್ಲಿ ಅಕ್ಕಾರು ಮಾರೋದು.

ಯಾರಾದರೂ ಬಂದರೆ ನೋಡೋಣ ಅನ್ನೋದು ಬರೀ ಊಟಕ್ಕೆ ನಡೆದರೂ ನಡೆಯಬಹುದು, ಪಾರ್ಸೆಲ್‌ಗೆ ನಡೆಯಲ್ಲ. ಸ್ವಿಗ್ಗಿ, ಜೊಮ್ಯಾಟೊದವರು ಆ 14 ಅಂಕಿ ನಂಬರು ಇಲ್ಲದೆ ಸೇರಿಸಿಕೊಳ್ಳಲ್ಲ. ಬ್ಯಾಂಕಿನವರು ಸಾಲಕ್ಕೂ ಕೇಳುತ್ತಾರೆ. 2022ರ ಜನವರಿಯಿಂದ ಬಿಲ್ ಮೇಲೂ ಆ ನಂಬರು ಹಾಕಬೇಕು. 500 ರೂಪಾಯಿ ಉಳಿಸೋಕೆ ಹೋಗಿ ಎದೆ ಢವಢವ ಅನ್ನಿಸಿಕೊಂಡು ಗಲ್ಲಾದಲ್ಲಿ ಕೂರೋದು ಯಾಕೆ?


ಮಾನ್ವಿ_ಮಸಾಲೆ
21 ಆಗಸ್ಟ್ 2024

ನಾನು ರಾಯಚೂರು ಜಿಲ್ಲೆ ಮಾನ್ವಿಯವಳು. ಮೂರು ವರ್ಷದಿಂದ ಚಟ್ನಿಪುಡಿ, ಮಸಾಲೆ ಖಾರ ಮಾಡಿ ಮಾರುತ್ತೇನೆ. ಮೇಲಿನವರು ಯಾರೂ ಹೇಳದ ಒಂದು ವಿಷಯ ಹೇಳಬೇಕು, ಯಾಕಂದರೆ ನಿಮ್ಮದು ಬರೀ ಖಾನಾವಳಿ ಅಲ್ಲ.

ಅರ್ಜಿ ಹಾಕುವಾಗ ‘ಯಾವ ಬಗೆಯ ವ್ಯಾಪಾರ’ ಅಂತ ಬರುತ್ತದಲ್ಲ, ಅಲ್ಲಿ ಅವಸರ ಮಾಡಬೇಡಿ. ಚಿಲ್ಲರೆ ಮಾರಾಟ ಬೇರೆ, ಊಟ ಬಡಿಸೋದು ಬೇರೆ, ತಯಾರಿಸಿ ಪ್ಯಾಕ್ ಮಾಡೋದು ಬೇರೆ. ನಿಮಗೆ ಕೊನೆಯ ಎರಡೂ ಬೇಕು, ಒಂದೇ ಜಾಗ ಆದ್ದರಿಂದ ಒಂದೇ ಅರ್ಜಿಯಲ್ಲಿ ಎರಡನ್ನೂ ಆರಿಸಬಹುದು. ನನಗೆ ಅರ್ಜಿ ತುಂಬಿ ಕೊಟ್ಟ ಸೆಂಟರ್‌ನ ಹುಡುಗ ‘ಅಂಗಡಿ ತಾನೇ’ ಅಂತ ಚಿಲ್ಲರೆ ಮಾರಾಟ ಅಂತಷ್ಟೇ ಒತ್ತಿದ. ನಾನು ಆ ನಂಬರು ಹಾಕಿ 400 ಲೇಬಲ್ ಪ್ರಿಂಟ್ ಮಾಡಿಸಿದೆ. ಬೆಂಗಳೂರಿನ ಒಂದು ಅಂಗಡಿಯವರು ಮಾಲು ತರಿಸಿಕೊಂಡು, ನಂಬರು ಪರೀಕ್ಷೆ ಮಾಡಿ, ‘ನಿಮಗೆ ತಯಾರಿಸೋಕೆ ರಿಜಿಸ್ಟ್ರೇಷನ್ನೇ ಇಲ್ಲವಲ್ಲ ಮೇಡಂ’ ಅಂತ ಅಷ್ಟೂ ವಾಪಸ್ ಕಳಿಸಿದರು. ಹೋಗೋ ಬಾಡಿಗೆ, ಬರೋ ಬಾಡಿಗೆ ಎರಡೂ ನನ್ನ ತಲೆ ಮೇಲೆ. ಡಬ್ಬಿಯಲ್ಲಿ ಇನ್ನೂ ಆ ಲೇಬಲ್ ಇವೆ, ಹಿಂದಿನ ಖಾಲಿ ಬದಿಯಲ್ಲಿ ಕಿರಾಣಿ ಚೀಟಿ ಬರೆಯುತ್ತೇನೆ.

ಸಣ್ಣ ತಯಾರಕರು ಅಂದರೆ ದಿನಕ್ಕೆ 100 ಕೇಜಿ ಒಳಗೆ. ನಿಮ್ಮದು ಅಷ್ಟಾಗಲ್ಲ, ಆ ಚಿಂತೆ ಬೇಡ. ಮನೆಯಲ್ಲೂ ರೊಟ್ಟಿ ಬಡಿಯೋದು ಮುಂದುವರಿಸುತ್ತೀರಾ? ಹಾಗಾದರೆ ಅದು ಎರಡನೇ ಜಾಗ, ಅದಕ್ಕೆ ಬೇರೆಯೇ ರಿಜಿಸ್ಟ್ರೇಷನ್. ಇಷ್ಟು ದಿನ ಮನೆಯಲ್ಲಿ ಮಾಡಿ ಮಾರಿದ್ದಕ್ಕೂ ಬೇಕಿತ್ತು, ಅದು ಹೋಗಲಿ ಬಿಡಿ.

ಲೇಬಲ್ ಪ್ರಿಂಟ್‌ಗೆ ಕೊಡೋ ಮುಂಚೆ ನಂಬರು ಕೈಗೆ ಬರಲಿ. ಪದಾರ್ಥದ ಹೆಸರು, ಏನೇನು ಹಾಕಿದ್ದೀರಿ, ತೂಕ, ಬೆಲೆ, ಮಾಡಿದ ದಿನ, ಎಲ್ಲಿಯವರೆಗೆ ತಿನ್ನಬಹುದು, ನಿಮ್ಮ ವಿಳಾಸ, ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಗುರುತು ಮತ್ತು ನಂಬರು, ಇವು ಇರಲೇಬೇಕು. ಶೇಂಗಾ ಇರೋ ಪುಡಿಗೆ ಶೇಂಗಾ ಇದೆ ಅಂತ ಎದ್ದು ಕಾಣೋ ಹಾಗೆ ಹಾಕಿ. ನಮ್ಮ ಕಡೆ ನಗುತ್ತಾರೆ, ಶೇಂಗಾ ಚಟ್ನಿಯಲ್ಲಿ ಶೇಂಗಾ ಇದೆ ಅಂತ ಯಾಕೆ ಬರೆಯಬೇಕು ಅಂತ. ಆದರೆ ಶೇಂಗಾ ಆಗದವರು ಇರುತ್ತಾರೆ, ಅಗಸಿ ಪುಡಿಗೂ ನೀವು ಅದೇ ಮಿಕ್ಸಿ ತಾನೇ ಬಳಸೋದು?

ಏಜೆಂಟರೆಲ್ಲ ಕಳ್ಳರು ಅಂತ ನಾನು ಹೇಳಲ್ಲ. ಓದೋಕೆ ಬರೆಯೋಕೆ ಆಗದವರು ಏನು ಮಾಡಬೇಕು? ದುಡ್ಡು ಕೊಡಿ, ಆದರೆ ಪಕ್ಕದಲ್ಲೇ ಕೂತು ಮಾಡಿಸಿ. ಕಟ್ಟಿದ ರಸೀದಿ ಅಲ್ಲೇ ಇಸಿದುಕೊಳ್ಳಿ.

ಕೆಲಸಕ್ಕೆ ಹೆಂಗಸರನ್ನು ಇಟ್ಟುಕೊಂಡರೆ ಎಲ್ಲರಿಗೂ ವರ್ಷಕ್ಕೊಮ್ಮೆ ವೈದ್ಯರ ಪ್ರಮಾಣಪತ್ರ, ಟೈಫಾಯ್ಡ್ ಲಸಿಕೆ ಮಾಡಿಸಿ, ತಪಾಸಣೆಗೆ ಬಂದವರು ಕೇಳೋದೇ ಅದನ್ನ. ರೊಟ್ಟಿ ಮಷೀನ್ ತಗೊಳ್ಳೋ ಯೋಚನೆ ಇದ್ದರೆ ಕೃಷಿ ಇಲಾಖೆಯಲ್ಲಿ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ತಯಾರಕರಿಗೆ ಇರೋ ಕೇಂದ್ರದ ಯೋಜನೆ, ಅದರ ಬಗ್ಗೆ ಕೇಳಿ. ಸಾಲದ ಮೇಲೆ ಕೇಂದ್ರದ ಸಹಾಯಧನ ಶೇ 35, ಕರ್ನಾಟಕದಲ್ಲಿ ರಾಜ್ಯ ಇನ್ನೂ ಶೇ 15 ಸೇರಿಸುತ್ತದೆ. ಅಂದರೆ ಅರ್ಧ. ಮಷೀನ್ ತಗೊಂಡ ಮೇಲೆ ಕೇಳಬೇಡಿ, ಮೊದಲೇ ಕೇಳಿ.


ರೊಟ್ಟಿ_ಬುಟ್ಟಿ, ಕೊಪ್ಪಳ
24 ಆಗಸ್ಟ್ 2024

ಎಲ್ಲರಿಗೂ ಕೈ ಮುಗಿದೆ. ಗಂಗಾವತಿ ಅಣ್ಣಾರೆ, ನೀವು ನಮ್ಮ 40 ಸಾವಿರ ಉಳಿಸಿದಿರಿ.

ಈ ಎರಡು ವಾರ ಊರಲ್ಲಿ ಯಾರ ಬಾಯಲ್ಲಿ ನೋಡಿದರೂ ತುಂಗಭದ್ರಾ ಡ್ಯಾಮಿನ ಕೊಚ್ಚಿಹೋದ 19ನೇ ಗೇಟಿನದ್ದೇ ಮಾತು. ಮಾಲೀಕರು ಕೂಡ ನಾನು ಕರದ ರಸೀದಿ ಕೇಳಿದರೆ ಗೇಟಿನ ಕಥೆ ಹೇಳಿದರು. ಎರಡನೇ ಸಲ ಕೇಳಿದೆ. ‘ಅದೆಲ್ಲ ನಮ್ಮ ತಮ್ಮನ ಹತ್ತಿರ ಇದೆ’ ಅಂದರು. ಮೂರನೇ ಸಲ ಅತ್ತೆಯೇ ಬಂದು ಕೂತು, ‘ರಸೀದಿ ಬಂದ ದಿನ ದುಡ್ಡು ಬರುತ್ತದಪ್ಪಾ’ ಅಂದರು. ಆಮೇಲೆ ಗೊತ್ತಾಯಿತು, ಮೂರು ವರ್ಷದ ಕರ ಕಟ್ಟಿಲ್ಲ, ಉತಾರ ಇನ್ನೂ ತೀರಿಹೋದ ಅವರ ತಂದೆಯ ಹೆಸರಿನಲ್ಲೇ ಇದೆ, ಅಣ್ಣ ತಮ್ಮ ಇಬ್ಬರ ನಡುವೆ ಪಾಲು ಆಗಿಲ್ಲ. ತಮ್ಮ ನಾಳೆ ಬಂದು ನನ್ನನ್ನು ಕೇಳದೆ ಯಾಕೆ ಬಾಡಿಗೆಗೆ ಕೊಟ್ಟೆ ಅಂದರೆ ನಾವು ಎಲ್ಲಿಗೆ ಹೋಗೋದು? ಆ ಮಳಿಗೆ ಬಿಟ್ಟುಬಿಟ್ಟೆವು.

ಅದೇ ರೋಡಿನಲ್ಲಿ ಸ್ವಲ್ಪ ಒಳಗೆ ಇನ್ನೊಂದು ನೋಡಿದ್ದೇವೆ. ಮೂರು ಟೇಬಲ್ ಮಾತ್ರ ಹಿಡಿಸುತ್ತದೆ. ಆದರೆ ಈ ಅಮ್ಮ ರಿಟೈರ್ಡ್ ಟೀಚರ್, ಕೇಳೋ ಮುಂಚೆಯೇ ಪ್ಲಾಸ್ಟಿಕ್ ಕವರಿನಿಂದ ಹತ್ತು ವರ್ಷದ ಕರದ ರಸೀದಿ ವರ್ಷವಾರು ತೆಗೆದು ಟೇಬಲ್ ಮೇಲೆ ಹರಡಿದರು! ಅಡ್ವಾನ್ಸ್ 25 ಸಾವಿರ. ಒಂದೇ ಷರತ್ತು, ಹಿಂದೆ ಕಟ್ಟಿಗೆ ಒಲೆ ಹಚ್ಚಬಾರದು, ಗೋಡೆ ಕಪ್ಪಾಗುತ್ತದೆ ಅಂತ. ಅತ್ತೆಗೆ ಅದೇ ಬೇಜಾರು, ಗ್ಯಾಸ್ ಮೇಲೆ ರೊಟ್ಟಿಗೆ ಆ ರುಚಿ ಬರಲ್ಲ ಅನ್ನುತ್ತಾರೆ. ಮನೆಯ ಸಿಲಿಂಡರ್ ತಂದು ಇಟ್ಟುಕೊಂಡರೆ ನಡೆಯುತ್ತದಾ?


ಟಿಫಿನ್_ಗಂಗಾವತಿ
24 ಆಗಸ್ಟ್ 2024

ನಡೆಯಲ್ಲ. ಮನೆಯ ಕೆಂಪು ಸಿಲಿಂಡರ್ 14.2 ಕೇಜಿಯದು, ಅದು ಮನೆ ಅಡುಗೆಗೆ ಮಾತ್ರ. ಅಂಗಡಿಗೆ 19 ಕೇಜಿ ನೀಲಿ ಸಿಲಿಂಡರ್. ಕರೆಂಟೂ ಅಷ್ಟೆ, ಮೀಟರ್ ಮನೆಯ ದರದಲ್ಲಿದ್ದರೆ ಟೀಚರಮ್ಮನಿಗೆ ಹೇಳಿ ಜೆಸ್ಕಾಂನಲ್ಲಿ ವಾಣಿಜ್ಯ ದರಕ್ಕೆ ಬದಲಾಯಿಸಿಕೊಳ್ಳಿ. ಆಮೇಲೆ ದಂಡ ಬಂದರೆ ಅದು ಅವರ ಹೆಸರಿಗೆ ಬರುತ್ತದೆ, ಇಷ್ಟು ಒಳ್ಳೆ ಮಾಲೀಕರ ಜೊತೆ ಮನಸ್ತಾಪ ಯಾಕೆ?

ಬೋರ್ಡ್ ಬರೆಸುವಾಗ ಕನ್ನಡ ಶೇ 60 ಇರಬೇಕು, ಈ ವರ್ಷ ಬಂದ ತಿದ್ದುಪಡಿ. ನೀವು ಪೂರ್ತಿ ಕನ್ನಡದಲ್ಲೇ ಬರೆಸುತ್ತೀರಿ ಅಂದುಕೊಂಡಿದ್ದೇನೆ. ಕೆಲಸದವರನ್ನು ಇಟ್ಟುಕೊಳ್ಳುತ್ತೀರಿ ಅಂದರೆ ಅಂಗಡಿ ತೆರೆದ 30 ದಿನದಲ್ಲಿ ಕಾರ್ಮಿಕ ಇಲಾಖೆಯಲ್ಲೂ ಹೆಸರು ನೋಂದಾಯಿಸಿ. ಜಿಎಸ್‌ಟಿ ಈಗಲೇ ಬೇಡ, ಊಟದ ವ್ಯಾಪಾರಕ್ಕೆ ಅದು 20 ಲಕ್ಷದ ಮೇಲಿನ ಮಾತು.


ರೊಟ್ಟಿ_ಬುಟ್ಟಿ, ಕೊಪ್ಪಳ
7 ಅಕ್ಟೋಬರ್ 2024

ಏನಾಯಿತು ಅಂತ ಹೇಳದೆ ಹೋದರೆ ಸರಿಯಲ್ಲ ಅಂತ ಬರೆಯುತ್ತಿದ್ದೇನೆ. ಶುಕ್ರವಾರ ಖಾನಾವಳಿ ಶುರು ಮಾಡಿದೆವು.

ಫುಡ್ ರಿಜಿಸ್ಟ್ರೇಷನ್ ಅರ್ಜಿ ನಾನೇ ಮೊಬೈಲ್‌ನಲ್ಲಿ ಹಾಕಿದೆ. ಮೊದಲ ಸಲ ಫೋಟೊ ಸೈಜು ಜಾಸ್ತಿ ಅಂತ ತಗೊಳ್ಳಲೇ ಇಲ್ಲ, ಮೂರು ಸಲ ತೆಗೆದು ಚಿಕ್ಕದು ಮಾಡಬೇಕಾಯಿತು. ಊಟ, ತಯಾರಿಕೆ ಎರಡನ್ನೂ ಆರಿಸಿದೆ, ಮಾನ್ವಿ ಅಕ್ಕಾರೆ. ‘ಶುರು ಮಾಡುವ ದಿನ’ ಅನ್ನೋ ಜಾಗ ಬಂದಾಗ ಅತ್ತೆ ಪಕ್ಕದಲ್ಲೇ ಪಂಚಾಂಗ ಹಿಡಿದು ಕೂತಿದ್ದರು. ಐದು ವರ್ಷಕ್ಕೆ 500 ಕಟ್ಟಿದೆ. ಯಾರೂ ನೋಡೋಕೆ ಬರಲಿಲ್ಲ, ಆರನೇ ದಿನ ಬಂತು. 2ರಿಂದಲೇ ಶುರು ಆಗುತ್ತದೆ, ನೋಡಿದೆ.

ಉದ್ದಿಮೆ ಪರವಾನಗಿಗೆ ಮೂರು ಸಲ ಓಡಾಡಿದೆವು. ಒಂದು ಸಲ ಬಾಡಿಗೆ ಕರಾರಿನಲ್ಲಿ ನನ್ನ ಹೆಸರು, ಆಧಾರ್‌ನಲ್ಲಿ ಇನ್ನೊಂದು ಥರ, ಇನಿಷಿಯಲ್ ಬೇರೆ. ಅದು ನಮ್ಮದೇ ತಪ್ಪು. ಹೊಸದಾಗಿ ಬರೆಸಿದ ಮೇಲೆ ಆಯಿತು. ಕೂಡಿಸಿ ಲೆಕ್ಕ ಹಾಕಿದರೆ ಬಾಂಡ್ ಪೇಪರ್, ಜೆರಾಕ್ಸ್, ಓಡಾಟ ಎಲ್ಲಾ ಹಿಡಿದರೂ ಆ ಏಜೆಂಟ್ ಕೇಳಿದ ಆರು ಸಾವಿರದ ಅರ್ಧವೂ ಆಗಲಿಲ್ಲ.

ಫುಡ್ ರಿಜಿಸ್ಟ್ರೇಷನ್ ಕಾಗದಕ್ಕೆ ಫ್ರೇಮ್ ಹಾಕಿಸಿ ಗಲ್ಲಾದ ಮೇಲೆ ತೂಗು ಹಾಕಿದೆ. ಅತ್ತೆ ಅದನ್ನು ತೆಗೆದು ಗವಿಸಿದ್ಧಪ್ಪಜ್ಜನ ಫೋಟೊ ಪಕ್ಕ ಹಾಕಿ ಕುಂಕುಮ ಹಚ್ಚಿದ್ದಾರೆ. ಕುಂಕುಮ ಸರಿಯಾಗಿ ತಾರೀಖಿನ ಮೇಲೇ ಬಿದ್ದಿದೆ. ಇನ್‌ಸ್ಪೆಕ್ಟರ್ ಬಂದರೆ ಒರೆಸಿ ತೋರಿಸುತ್ತೇನೆ.


ಬಂಡಿ_ಮಿರ್ಚಿ_ಬಳ್ಳಾರಿ
7 ಅಕ್ಟೋಬರ್ 2024

ಒಳ್ಳೆದಾಗಲಿ ಅಕ್ಕಾ. ಮುಂದಿನ ವಾರ ಕೊಪ್ಪಳಕ್ಕೆ ಮಂಡಕ್ಕಿ ತಗೊಳ್ಳೋಕೆ ಬರುತ್ತೇನೆ. ಊಟ ಎಷ್ಟು ಗಂಟೆವರೆಗೆ ಸಿಗುತ್ತದೆ?


ರೊಟ್ಟಿ_ಬುಟ್ಟಿ, ಕೊಪ್ಪಳ
7 ಅಕ್ಟೋಬರ್ 2024

ಎರಡೂವರೆ ಒಳಗೆ ಬನ್ನಿ ಅಣ್ಣಾ, ಪುಂಡಿಪಲ್ಲೆ ಅಷ್ಟರಲ್ಲೇ ಮುಗಿಯುತ್ತದೆ. ಸೋಮವಾರ ರಜೆ.